ಒಂದು ಮಗುವಿಗಾಗಿ ತೆರೆಯದ ಸೀಸೆ

ಲಸಿಕಾ ವಿಭಾಗದ ಮಾನ್ಯ ಅಧಿಕಾರಿಗಳೇ,

ಮಕ್ಕಳಿಗೆ ಲಸಿಕೆ ತಪ್ಪಿಸುವ ಹೆತ್ತವರು ಬೇಜವಾಬ್ದಾರಿಗಳು ಎಂದು ತಾವು ಪತ್ರಿಕೆಯಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಆ ಬೇಜವಾಬ್ದಾರಿಗಳಲ್ಲಿ ನಾನೂ ಒಬ್ಬ. ಲಿಫ್ಟ್ ರಿಪೇರಿ ನನ್ನ ಕಸುಬು. ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ನಮ್ಮ ಮಗಳಿಗೆ ದಡಾರದ ಲಸಿಕೆ ಹೇಗೆ ತಪ್ಪಿತೆಂದು ತಮಗೆ ಯಾರೂ ಹೇಳಿರಲಾರರು. ನಾನೇ ಹೇಳುತ್ತೇನೆ.

ತಮ್ಮ ಕೇಂದ್ರದಲ್ಲಿ ಲಸಿಕೆ ಬುಧವಾರ ಬೆಳಿಗ್ಗೆ ಮಾತ್ರ. ದುಡಿಯುವವರಿಗೆ ಮಕ್ಕಳಾಗುವುದಿಲ್ಲವೆಂದು ತಾವು ತಿಳಿದಿರಬೇಕು. ನಾನು ರಜೆ ಹಾಕಿ ಮಗುವನ್ನು ಎತ್ತಿಕೊಂಡರೆ ಅಮ್ಮ ಅಡ್ಡ ನಿಂತರು. "ಹೋದ ಸಲ ಸೂಜಿ ಹಾಕಿಸಿದಾಗ ಮೈ ಕೆಂಡದ ಹಾಗೆ ಸುಡ್ತಿತ್ತು. ಮತ್ತೆ ಯಾಕಪ್ಪಾ?"

"ಅದು ಒಂದಿನದ ಜ್ವರ ಅಮ್ಮಾ. ಕಾಯಿಲೆನೇ ಬಂದ್ರೆ?"

ಗೊಣಗುತ್ತಲೇ ಮಗುವಿಗೆ ಟೋಪಿ ಕಟ್ಟಿ ಕಳಿಸಿದರು. ಕೇಂದ್ರದ ನರ್ಸ್ ಬೆಂಚಿನ ಮೇಲಿದ್ದ ಮಕ್ಕಳ ಮೇಲೆ ಕಣ್ಣಾಡಿಸಿದರು.

"ಮಕ್ಕಳು ಸಾಲಲ್ಲ ಸಾರ್. ಒಂದು ಬಾಟ್ಲಿಲಿ ಹಲವು ಮಕ್ಕಳ ಡೋಸ್ ಇರುತ್ತೆ, ತೆಗೆದ್ರೆ ಇವತ್ತೇ ಮುಗೀಬೇಕು. ಉಳಿದದ್ದು ಚೆಲ್ಲಿದ್ರೆ ಮೇಲಿಂದ ನೋಟಿಸ್ ಬರುತ್ತೆ. ಮುಂದಿನ ವಾರ ಬನ್ನಿ."

"ಬಂದಿರೋ ಮಗುನ ವಾಪಸ್ ಕಳಿಸಿದ್ರೆ ಬರಲ್ವಾ ನೋಟಿಸು?"

ಅವರು ತಲೆ ತಗ್ಗಿಸಿದರು. "ಅದಕ್ಕೆ ಬರಲ್ಲ ಸಾರ್."

ಮುಂದಿನ ವಾರ ಹೆಂಡತಿ ಹೋದಳು. ಮಗುವಿನ ಮೂಗು ಸೋರುತ್ತಿದೆಯೆಂದು ಹಿಂದಕ್ಕೆ ಕಳಿಸಿದರು. ಸಾಧಾರಣ ನೆಗಡಿ ಲಸಿಕೆಗೆ ಅಡ್ಡಿಯಲ್ಲವೆಂದು ನಮಗೆ ಗೊತ್ತಾದದ್ದು ಆಮೇಲೆ. ಅಷ್ಟಕ್ಕೂ, ಮೂಗು ಸೋರದ ಕೂಸನ್ನು ತಾವು ಎಲ್ಲಿ ಕಂಡಿದ್ದೀರಿ? ಮತ್ತೊಂದು ಬುಧವಾರ ಹೋದರೆ ಬಾಗಿಲಿಗೆ ಬೀಗ. ಸಿಬ್ಬಂದಿಯೆಲ್ಲ ತಮ್ಮ ಲಸಿಕಾ ಜಾಗೃತಿ ಮೆರವಣಿಗೆಯಲ್ಲಿದ್ದರು! ಜಾಗೃತರಾಗಿಯೇ ಬಂದಿದ್ದ ತಾಯಂದಿರು ಬೀಗ ನೋಡಿಕೊಂಡು ಮನೆಗೆ ಹೋದರು.

"ಇನ್ನೊಂದು ಬುಧವಾರ ರಜೆ ಕೇಳಿದ್ರೆ, ಗುರುವಾರನೂ ಬರೋದು ಬೇಡ" ಎಂದ ಕಾರ್ಖಾನೆಯ ಸೂಪರ್‌ವೈಸರ್. ಒಂದು ತಿಂಗಳು ಕಳೆಯಲಿ ಎಂದುಕೊಂಡೆವು.

ದಡಾರ ಅಷ್ಟು ಕಾಯಲಿಲ್ಲ. ಮೈತುಂಬ ಕೆಂಪು ಗಂಧೆ, ಆಮೇಲೆ ಕಫ, ಆಮೇಲೆ ಆಸ್ಪತ್ರೆ. ಪ್ರತಿ ಉಸಿರಿಗೂ ಮಗುವಿನ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಮತ್ತೆ ಮೇಲೆ ಬರುವವರೆಗೆ ನಾವು ಉಸಿರು ಹಿಡಿದಿರುತ್ತಿದ್ದೆವು. ವೈದ್ಯರು ಇಡೀ ವಾರ್ಡಿಗೆ ಕೇಳುವಂತೆ, "ಸೂಜಿ ಹಾಕಿಸಿಲ್ವಾ? ಎಂಥಾ ತಾಯಿ ರೀ ನೀವು?" ಎಂದರು. ಯಾರಿಗೂ ಸೊಪ್ಪು ಹಾಕದ ನನ್ನ ಹೆಂಡತಿ ಅಂದು ಮಗುವಿನ ಮೇಲೇ ಬಾಗಿದಳು. ಅದರ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. ಮಾತಾಡಿದವರು ಬಾಗಿಲಲ್ಲಿದ್ದ ನನ್ನ ಅಮ್ಮ.

"ಬೇಡ ಅಂದೋಳು ನಾನು ಡಾಕ್ಟ್ರೇ. ಬೈಯೋದಾದ್ರೆ ನನ್ನ ಬೈಯಿರಿ. ಅವಳನ್ನ ಬಿಟ್ಬಿಡಿ."

ಅಮ್ಮ ಹೇಳಿದ್ದು ಅರ್ಧ ಸುಳ್ಳು. ಅವರು ಬೇಡ ಅಂದದ್ದು ನಿಜ, ಆದರೆ ಅದಕ್ಕೆ ನಾವು ನಿಂತಿರಲಿಲ್ಲ. ಆದರೆ ಈ ಇಡೀ ವ್ಯವಹಾರದಲ್ಲಿ ತಪ್ಪನ್ನು ಮೈಮೇಲೆ ಎಳೆದುಕೊಂಡವರು ಅವರೊಬ್ಬರೇ.

ಮಗಳು ಉಳಿದಳು. ಸೋಂಕು ಕಿವಿಗಿಳಿದು ಬಲಗಿವಿ ಹೋಯಿತು.

ಈಗ ತಮ್ಮ ಬೈಗುಳ ಏನು ಸಾಧಿಸಿದೆ, ಕೇಳಿ. ನಮ್ಮ ಕೆಳಮನೆಯ ಇಸ್ತ್ರಿಯವನ ಹೆಂಡತಿ ತನ್ನ ಕೂಸನ್ನು ಕೇಂದ್ರಕ್ಕೆ ಒಯ್ಯಲು ಹೆದರಿ ಕೂತಿದ್ದಳು. "ಲೇಟಾಗಿ ಹೋದ್ರೆ ಎಲ್ಲರ ಮುಂದೆ ಮರ್ಯಾದೆ ತೆಗೀತಾರಂತೆ ಅಕ್ಕಾ." ನನ್ನ ಹೆಂಡತಿ, ತನ್ನ ಕೆಲಸ ಹೋದರೆ ಹೋಗಲಿ ಎಂದು, ಅವಳ ಜೊತೆ ಹೋದಳು. ಅಲ್ಲಿ ಮತ್ತದೇ ರಾಗ: ಮಕ್ಕಳು ಸಾಲುವುದಿಲ್ಲ. ಇವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಬಾಟ್ಲಿ ತೆಗೀರಿ ಸಿಸ್ಟರ್. ನನ್ನ ಮಗುನ ಕಳಿಸಿದ ಹಾಗೆ ಇದನ್ನ ಕಳಿಸಬೇಡಿ."

ನರ್ಸ್ ಅವಳ ಗುರುತು ಹಿಡಿದರಂತೆ. ಆಮೇಲೆ ಸೀಸೆ ತೆರೆದರು. ಕೂಸು ಕೇಂದ್ರದ ಸೂರು ಹಾರಿಹೋಗುವಂತೆ ಅತ್ತಿತು.

ಆ ನರ್ಸ್‌ಗೆ ತಾವು ಕಾರಣ ಕೇಳಿ ನೋಟಿಸ್ ಕೊಡುವಂತಿಲ್ಲ. ಒಂದೇ ಮಗು ಬಂದರೂ ಸೀಸೆ ತೆರೆಯಬೇಕೆಂದು ಇದೇ ವಾರ ಲಿಖಿತ ಆದೇಶ ಹೊರಡಿಸಿ. ಭಾನುವಾರವೂ ಬಾಗಿಲು ತೆರೆದಿಡಿ. ತಡವಾಗಿ ಬಂದ ತಾಯಿಗೆ ಮೊದಲು ಕೂರಲು ಜಾಗ ಕೊಡಿ, ಉಪದೇಶ ಆಮೇಲೆ. ಚೆಲ್ಲಿಹೋದ ಲಸಿಕೆಯ ಲೆಕ್ಕ ಕೇಳುವವರು, ಹಾಕದೆ ಉಳಿದ ಲಸಿಕೆಯ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ಇಂತಿ, ವಿಶ್ವಾಸ ಅಷ್ಟಿಷ್ಟು ಉಳಿಸಿಕೊಂಡಿರುವ,
ಮಗಳ ಎಡಗಡೆಗೇ ಕೂತು ಮಾತಾಡುವ ಒಬ್ಬ ಅಪ್ಪ