ಸಜ್ಜೆಗುಂದಿ ಎಂಬ ವೈರಸ್ ಮನೆತನ

ಫೆಬ್ರವರಿ ೩೦, ೨೪೧೮

ಕೊಳವೆಗಳಿಗೆ ಚೀಟಿ ಅಂಟಿಸಲಿರುವ ವಿಜ್ಞಾನಿಗಳಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲೀಗ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕಡತಗಳನ್ನು ಓದಿ ಕಲಿತದ್ದು. ನಾನು ನೀಲಗಂಗಾ, ಹೆಸರುಮನೆಯಲ್ಲಿ ಗುಮಾಸ್ತೆ. ಹೆಸರುಮನೆ ಎಂದರೆ ವೈರಸ್‌ಗಳ ಮನೆತನ ಗೊತ್ತುಮಾಡುವ ಕಚೇರಿ. ಯಾವುದು ಯಾವುದಕ್ಕೆ ಅಕ್ಕ, ಯಾವುದು ಬರೀ ದೂರದ ದಾಯಾದಿ ಎಂದು ಹೋಲಿಸಿ, ಗೋಡೆಯಷ್ಟು ದೊಡ್ಡ ಕುಲಪಟದಲ್ಲಿ ಅವನ್ನು ಕೂರಿಸುತ್ತೇವೆ. ಬೆಳಿಗ್ಗೆ ತಂಗಿಯೆಂದು ಕೂರಿಸಿದ್ದು ಊಟ ಮುಗಿಸಿ ಬರುವಷ್ಟರಲ್ಲಿ ಬೇರೆ ಮನೆಯದಾಗಿರುತ್ತದೆ. ಮದುವೆಮನೆಯಲ್ಲಿ ನೆಂಟಸ್ತಿಕೆ ಬಿಡಿಸಿದ ಹಾಗೆ, ತಲೆ ಕೆಟ್ಟುಹೋಗುತ್ತದೆ.

ಆ ಪಟದಲ್ಲಿ ಸಜ್ಜೆಗುಂದಿ ಎಂಬುದೊಂದು ಮನೆತನ. ನಲವತ್ತೊಂದು ವೈರಸ್‌ಗಳು, ಎಲ್ಲವೂ ಜ್ವರ ತರುವಂಥವು. ಅವು ಮೊದಲು ಸಿಕ್ಕ ರಕ್ತದ ಕೊಳವೆಗಳ ಮೇಲೆ ನೀವು ಸಜ್ಜೆಗುಂದಿ ಎಂಬ ಊರಿನ ಹೆಸರು ಬರೆದ ಕಾರಣ ಇಡೀ ಮನೆತನಕ್ಕೆ ಅದೇ ಅಂಟಿಕೊಂಡಿತು. ಆಮೇಲೆ ಆ ಊರಿನ ಹಾಲನ್ನು ಯಾರೂ ಕೊಳ್ಳಲಿಲ್ಲ, ಆ ಊರಿನ ಹೆಣ್ಣನ್ನು ಯಾರೂ ತರಲಿಲ್ಲ. ಜನ ಊರಿನ ಹೆಸರನ್ನೇ ಮುಚ್ಚಿಟ್ಟು ಚದುರಿಹೋದರು. ನಮ್ಮತ್ತೆ ಹುಲಿಗೆವ್ವನವರ ಹಿರಿಯರು ಅಲ್ಲಿಯವರಂತೆ. ಇದನ್ನು ನನಗೆ ಹೇಳಲು ಅವರಿಗೆ ಇಪ್ಪತ್ತೆರಡು ವರ್ಷ ಬೇಕಾಯಿತು.

ಹೋದ ತಿಂಗಳು ನಿಮ್ಮ ಟಿಪ್ಪಣಿ ಪುಸ್ತಕ ಸಿಕ್ಕಿತು. ಆ ವೈರಸ್ ಇದ್ದ ಇಲಿಗಳನ್ನು ನೀವು ಹಿಡಿದದ್ದು ಊರಾಚೆಯ ಗುಡ್ಡಗಳಲ್ಲಿ. ಸಜ್ಜೆಗುಂದಿಯಲ್ಲಿ ನೀವು ಒಂದು ಮನೆಯ ಕಟ್ಟೆಯ ನೆರಳಿನಲ್ಲಿ ಕೂತು ಅವುಗಳ ರಕ್ತವನ್ನು ಕೊಳವೆಗಳಿಗೆ ತುಂಬಿದ್ದೀರಿ, ಅಷ್ಟೇ. ಒಬ್ಬ ಹೆಂಗಸು ಮಜ್ಜಿಗೆ ಕೊಟ್ಟಳು ಎಂದೂ ಬರೆದಿದ್ದೀರಿ. ಓದಿ ನನಗೆ ಮೈಯೆಲ್ಲ ಉರಿಯಿತು. ನೆರಳು ಕೊಟ್ಟವರಿಗೆ ಇದೇನು ಶಿಕ್ಷೆ? ಹೆಸರು ಬದಲಿಸಬೇಕೆಂದು ಅರ್ಜಿ ಹಾಕಿದೆ. ಒಪ್ಪಿಗೆಯೂ ಬಂತು, ನಾಳೆ ನಾನು ಸಹಿ ಮಾಡಿದರೆ ಮುಗಿಯಿತು.

ನಿನ್ನೆ ಸಂತೋಷದಿಂದ ಅತ್ತೆಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು: "ಅದನ್ನೂ ಅಳಿಸಿದ್ರ ನಮ್ಮೂರು ಇನ್ನೆಲ್ಲಿ ಉಳಿತೈತವ್ವಾ?"

ಆ ಊರು ಈಗ ಯಾವ ನಕ್ಷೆಯಲ್ಲೂ ಇಲ್ಲ. ಜನರ ಬಾಯಲ್ಲಿ ರೋಗದ ಹೆಸರಾಗಿ ಮಾತ್ರ ಇದೆ.

ಸಹಿ ಮಾಡಿದರೆ ಅವಮಾನದ ಜೊತೆ ಊರೂ ಹೋಗುತ್ತದೆ, ಮಾಡದಿದ್ದರೆ ಎರಡೂ ಉಳಿಯುತ್ತವೆ. ಯಾವುದು ಸರಿಯೋ ನನಗೆ ನಿಜಕ್ಕೂ ತಿಳಿಯುತ್ತಿಲ್ಲ. ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ನಿಮಗೆ ತಲುಪುವುದೋ ಇಲ್ಲವೋ, ಅದೂ ಗೊತ್ತಿಲ್ಲ. ತಲುಪಿ, ನೀವು ಚೀಟಿ ಬದಲಿಸಿ, ಜನ ಚದುರದೆ ಊರು ಉಳಿದುಬಿಟ್ಟರೆ ನಾನು ಹುಲಿಗೆವ್ವನ ಸೊಸೆಯಾಗಿರುತ್ತೇನೆಯೇ? ಯೋಚಿಸಿದಷ್ಟೂ ಗೋಜಲು.

ಆದರೂ ಕೇಳಿಕೊಳ್ಳುತ್ತೇನೆ. ವೈರಸ್ಸಿಗೆ ಬೇರೆ ಯಾವ ಹೆಸರನ್ನಾದರೂ ಇಡಿ. ಮಜ್ಜಿಗೆಯ ಲೋಟ ಹಿಂದಿರುಗಿಸುವಾಗ ಮಾತ್ರ ಆ ಹೆಂಗಸಿನ ಹೆಸರು ಕೇಳಿ, ಪುಸ್ತಕದಲ್ಲಿ ಊರಿನ ಹೆಸರಿನ ಪಕ್ಕದಲ್ಲೇ ಬರೆದುಕೊಳ್ಳಿ. ಅವಳು ಯಾರೆಂದು ನಮ್ಮತ್ತೆ ಬೆಳಗಿನಿಂದ ಕೇಳುತ್ತಿದ್ದಾರೆ.

ನಿಮ್ಮ,
ನೀಲಗಂಗಾ