ಗಡಿಯಾಚೆ ನಡೆಯದ ನೋಟು

ಕೊಳಕೂರ, ತಾ. ಜೇವರ್ಗಿ
24 ಮಾರ್ಚ್ 2019, ರವಿವಾರ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಈಗ ಹೇಗಿದೆ? ಆಸ್ಪತ್ರೆಯಲ್ಲಿ ಹನ್ನೆರಡು ತಾಸು ನಿಂತೇ ಇರುತ್ತೀಯ, ರೋಗಿಗಳನ್ನು ಎತ್ತಿ ಕೂರಿಸುತ್ತೀಯ, ನಿನ್ನನ್ನು ಎತ್ತಿ ಕೂರಿಸುವವರು ಆ ಮಸ್ಕತ್ತಿನಲ್ಲಿ ಯಾರಿದ್ದಾರೆ ಎಂದು ಅವ್ವ ಯಾವಾಗಲೂ ಅನ್ನುತ್ತಿದ್ದಳು. ಊಟ ಬಿಡಬೇಡ. ರಜೆ ಮುಗಿಸಿ ಮಸ್ಕತ್ತಿಗೆ ಮರಳುತ್ತಿರುವ ಫರಹತಳ ಕೈಯಲ್ಲಿ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಕಳಿಸುತ್ತಿದ್ದೇನೆ. ಈ ಸಲ ಹಿಂಡಿ ಕುಟ್ಟಿದವಳು ನಾನು, ಬೆಳ್ಳುಳ್ಳಿ ಹೆಚ್ಚಾಗಿದೆ. ಅಪ್ಪ ಆರಾಮ ಇದ್ದಾನೆ. ಗುಳಿಗೆಯನ್ನು ನಾನೇ ಎದುರು ನಿಂತು ನುಂಗಿಸುತ್ತೇನೆ. ತೊಗರಿ ರಾಶಿ ಮುಗಿದು ಮನೆ ಸೇರಿದೆ. ಅವ್ವನ ಎಮ್ಮೆ ಮಾತ್ರ ಇನ್ನೂ ನನ್ನ ಕೈಗೆ ಹಾಲು ಕೊಡುತ್ತಿಲ್ಲ.

ಫೋನು ಮಾಡಿದಾಗಲೆಲ್ಲ ನೀನು ಒಂದೇ ಮಾತು ಕೇಳುತ್ತೀಯ: "ಅನು, ನಾ ಕಳಿಸಿದ ರೊಕ್ಕ ಸಾಲಲಿಲ್ಲೇನು? ಅವ್ವನ್ನ ಊರಿಗೆ ಯಾಕ ತರಲಿಲ್ಲ?" ಅಪ್ಪ ಪಕ್ಕದಲ್ಲೇ ಕುಳಿತಿರುತ್ತಾನೆ, ನಾನು ಎಮ್ಮೆಯ ಮಾತು ತೆಗೆಯುತ್ತೇನೆ. ನೀನು ಅತ್ತು ಫೋನು ಇಡುತ್ತೀಯ. ಅದಕ್ಕೇ ಕಾಗದ ಹಿಡಿದಿದ್ದೇನೆ. ರೊಕ್ಕ ಸಾಲುವಷ್ಟಿತ್ತು ಅಕ್ಕಾ, ಆದದ್ದು ಬೇರೆ.

ನಿನಗೆ ಗೊತ್ತಿರುವಂತೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನವರೆಲ್ಲ ಸೇರಿ, ಅವ್ವ, ನಾನೂ ಒಳಗೊಂಡು ಇಪ್ಪತ್ತೊಂಬತ್ತು ಮಂದಿ ಸಂಕ್ರಾಂತಿ ಮುಗಿದ ಮೇಲೆ ಕಾಶಿ, ಪಶುಪತಿನಾಥನ ಯಾತ್ರೆಗೆ ಹೊರಟಿದ್ದೆವು. ಯಾತ್ರೆ ಹೂಡಿದವರು ಕಡಗಂಚಿಯ ನಿವೃತ್ತ ಹೆಡ್‌ಮಾಸ್ತರ ಹಣಮಂತರಾಯರು. ಬಸ್ಸು ನಡೆಸಿದವನು ಜೇವರ್ಗಿಯ ಚಾಂದಪಾಶಾ. ನೇಪಾಳಕ್ಕೆ ಅದು ಅವನ ಆರನೆಯ ಸುತ್ತು. ಕಾಶಿ ಮುಗಿಸಿ ಸೋನೌಲಿ ಗಡಿಗೆ ಬಂದಾಗ ಅವನು ಬಸ್ಸು ನಿಲ್ಲಿಸಿ, ಒಬ್ಬೊಬ್ಬರ ಸೀಟಿನ ಹತ್ತಿರ ಬಂದು ಹೇಳಿದ: "ಅಕ್ಕೋರೆ, ಮುಂದ ನಮ್ಮ ನೂರರ ನೋಟು ನಡೀತಾವ್ರಿ. ಐನೂರರದು ನಡೆಂಗಿಲ್ರಿ. ಹಿಂದಿನ ಸಲ ಬಂದಾಗ ನಡೀತಿತ್ತು, ಈಗ ಅಲ್ಲಿ ಸರಕಾರ ಬಂದ್ ಮಾಡ್ಯದ. ಇಲ್ಲೇ ಬಿಡಿಸ್ಕೊಳ್ರಿ." ರಸ್ತೆಯ ಪಕ್ಕದಲ್ಲಿ ಸಣ್ಣ ಸಣ್ಣ ಟೇಬಲ್ ಹಾಕಿಕೊಂಡು ನೋಟು ಬಿಡಿಸಿ ಕೊಡುವವರು ಕುಳಿತಿದ್ದರು. ಒಂದು ಐನೂರಕ್ಕೆ ಮೂವತ್ತು ರೂಪಾಯಿ ಕಮಿಷನ್. ನನ್ನ ಸೊಂಟದ ಚೀಲದಲ್ಲಿ ನೀನು ಕಳಿಸಿದ ನಲವತ್ತು ಸಾವಿರ, ಎಲ್ಲವೂ ಐನೂರರ ನೋಟು. ಅಕ್ಕ ಪರದೇಶದಲ್ಲಿ ರಾತ್ರಿಪಾಳಿ ಮಾಡಿ ಗಳಿಸಿದ್ದನ್ನು ಈ ದಲ್ಲಾಳಿಗಳಿಗೆ ಯಾಕೆ ಕೊಡಲಿ ಎಂದುಕೊಂಡೆ. ಊಟ, ವಸತಿ ಎಲ್ಲ ಯಾತ್ರೆಯ ಲೆಕ್ಕದಲ್ಲೇ ಇತ್ತು. ಹೂವು ಕಾಯಿಗೆಂದು ನನ್ನ ಹತ್ತಿರವಿದ್ದ ಮೂರು ಸಾವಿರವನ್ನಷ್ಟೇ ಬಿಡಿಸಿದೆ. ಚಾಂದಪಾಶಾ ಇನ್ನೊಮ್ಮೆ ಹೇಳಿದ. "ಸಾಕು ಬಿಡಪಾ" ಅಂದೆ. ಅಕ್ಕಾ, ಇದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಕಠ್ಮಂಡು ಮುಟ್ಟಿದ ಮರುದಿನ ಶನಿವಾರ. ಬೆಳಿಗ್ಗೆ ಅವ್ವ ಪಶುಪತಿನಾಥನ ದರ್ಶನ ಮಾಡಿದಳು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಧರ್ಮಶಾಲೆಗೆ ಮರಳಿ ಮೆಟ್ಟಿಲು ಹತ್ತುವಾಗ "ಅನು, ಸ್ವಲ್ಪ ತಡಿ" ಎಂದಳು. ಗೋಡೆ ಹಿಡಿದು ಕುಳಿತವಳು ಮತ್ತೆ ಏಳಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು ಎಂದರು ಡಾಕ್ಟರು. ನೀನು ನರ್ಸು, ನಿನಗೆ ಇದು ತಿಳಿಯುತ್ತದೆ. ಅಲ್ಲಿ ರೊಕ್ಕದಿಂದ ಆಗುವಂಥದ್ದು ಏನೂ ಇರಲಿಲ್ಲ. ರೊಕ್ಕ ಬೇಕಾದದ್ದು ಆಮೇಲೆ.

ಊರಿಗೆ ಒಯ್ಯುತ್ತೇನೆ ಎಂದೆ. ಯಾತ್ರೆಯ ಬಸ್ಸಿನಲ್ಲಿ ಶವ ಒಯ್ಯಲು ಬಿಡುವುದಿಲ್ಲ ಎಂದರು. ಗಡಿಯವರೆಗೆ ಶವ ಒಯ್ಯುವ ಗಾಡಿಯವನು ಅರವತ್ತು ಸಾವಿರ ನೇಪಾಳಿ ಕೇಳಿದ. ನಮ್ಮ ಲೆಕ್ಕಕ್ಕೆ ಮೂವತ್ತೇಳೂವರೆ ಸಾವಿರ. ನನ್ನ ಸೊಂಟದಲ್ಲಿ ನಲವತ್ತು ಸಾವಿರ ಇತ್ತಲ್ಲ! ಗಡಿ ದಾಟಿದರೆ ಮುಂದಿನ ಖರ್ಚನ್ನು ಊರಿಂದ ತರಿಸಬಹುದಿತ್ತು. ಚೀಲ ಬಿಚ್ಚಿ ಅವನ ಮುಂದೆ ಹಿಡಿದೆ. ಅವನು ಹಾವು ಕಂಡವರಂತೆ ಕೈ ಹಿಂದೆಗೆದ. ಸಿಕ್ಕಿಬಿದ್ದರೆ ಪೊಲೀಸರು ಗಾಡಿಯನ್ನೇ ಒಯ್ಯುತ್ತಾರೆ ಎಂದ. ಸೋನೌಲಿ ದಾಟಿದ ಮೇಲೆ ನಮ್ಮ ನೆಲದಲ್ಲೇ ಕೊಡುತ್ತೇನೆ ಎಂದು ಕಾಲು ಹಿಡಿಯಲು ಹೋದೆ. ಅರ್ಧ ಮುಂಗಡ ಇಲ್ಲೇ ಬೇಕು, ಹಿಂದೆ ಹಾಗೆ ನಂಬಿ ಮೋಸ ಹೋಗಿದ್ದೇನೆ ಎಂದ. ಅವನದೂ ತಪ್ಪಲ್ಲ. ಹಣಮಂತರಾಯರು ಎಲ್ಲರ ಚೀಲ ತೆಗೆಸಿದರು. ಹವಳಗಾದ ಸಕ್ಕರೆ ಕಾರ್ಖಾನೆಯ ನೌಕರ ದಂಪತಿ ತಮ್ಮಲ್ಲಿದ್ದ ನೂರರ ನೋಟನ್ನೆಲ್ಲ ಸುರಿದರು. ಎಲ್ಲ ಸೇರಿ ಒಂಬತ್ತು ಸಾವಿರ ಆಯಿತು. ಉಳಿದವರದೆಲ್ಲ ನನ್ನ ಹಾಗೆ ಐನೂರು. ಅಲ್ಲಿ ಶನಿವಾರವೇ ವಾರದ ರಜೆ, ಬ್ಯಾಂಕು ಮುಚ್ಚಿತ್ತು. ಚಾಂದಪಾಶಾ ನನ್ನನ್ನು ಅಂಗಡಿ ಅಂಗಡಿಗೆ ಕರೆದೊಯ್ದ. ಬಟ್ಟೆಯಂಗಡಿಯ ಹೆಂಗಸೊಬ್ಬಳು ನನ್ನ ಕೈ ಹಿಡಿದು ಕಣ್ಣೀರು ಹಾಕಿದಳೇ ಹೊರತು ನೋಟು ಮುಟ್ಟಲಿಲ್ಲ. ನಮ್ಮ ಫೋನುಗಳು ಅಲ್ಲಿ ಸತ್ತಿದ್ದವು. ಅವಳ ಅಂಗಡಿಯಿಂದಲೇ ನಿನಗೆ ಎರಡು ಸಲ ಹಚ್ಚಿದೆ, ನೀನು ಎತ್ತಲಿಲ್ಲ. ಡ್ಯೂಟಿಯಲ್ಲಿದ್ದೆ ಎಂದು ನನಗೆ ಗೊತ್ತು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ನನ್ನಾಣೆ.

ಮರುದಿನ ಮಧ್ಯಾಹ್ನದೊಳಗೆ ಒಯ್ಯಿರಿ ಎಂದರು ಆಸ್ಪತ್ರೆಯವರು. ನದಿಯ ದಂಡೆಗೆ ಒಯ್ದು ಸುಡೋಣ ಎಂದರು ಹಣಮಂತರಾಯರು. "ಪಶುಪತಿ ಪಾದದಾಗ ಸುಟ್ಟರ ಎಂಥ ಪುಣ್ಯ ತಂಗಿ, ಎಲ್ಲರಿಗೂ ಸಿಗ್ತದೇನು?" ಉಳಿದವರೂ ತಲೆದೂಗಿದರು. ಆದರೆ ಅವ್ವ ಏನನ್ನುತ್ತಿದ್ದಳು ನೆನಪಿದೆಯಲ್ಲ? "ನನ್ನ ಕುಂಡ್ರಿಸಿ ಮಣ್ಣು ಕೊಡ್ರಿ, ಕೈಯಾಗ ಲಿಂಗ ಇರಲಿ" ಎಂದು. ನಮ್ಮ ಮನೆತನದಲ್ಲಿ ಯಾರನ್ನಾದರೂ ಸುಟ್ಟದ್ದುಂಟೇ? ನಾನು ಆಗುವುದಿಲ್ಲ ಎಂದೆ. ಹಾಗಾದರೆ ಜಾಗ ಎಲ್ಲಿದೆ ತೋರಿಸು ಎಂದರು.

ಚಾಂದಪಾಶಾ ಎದ್ದು ಹೋದ. ಎರಡು ತಾಸಿಗೆ ಮಸೀದಿಯಿಂದ ಒಬ್ಬ ವೃದ್ಧರನ್ನು ಕರೆದುಕೊಂಡು ಬಂದ. ಖುರ್ಷಿದ ಸಾಹೇಬರು, ಬಳೆ ಮಾರುವವರು. ಊರ ಹೊರಗೆ ಅವರ ಕಬರಸ್ತಾನದ ಗೋಡೆಗೆ ಹೊಂದಿಕೊಂಡು ಅವರದೇ ಒಂದು ತುಂಡು ನೆಲ, ಮೂಲಂಗಿ ಬೆಳೆಯುತ್ತಾರೆ. ಅಲ್ಲಿ ಇಡಬಹುದು ಎಂದರು. ಚಾಂದಪಾಶಾ ತಲೆ ತಗ್ಗಿಸಿ, "ಅಕ್ಕೋರೆ, ನಿಮ್ಮ ಪದ್ಧತಿ ನೀವು ಮಾಡ್ರಿ. ಮಣ್ಣು ಕೊಡೋದು ನಮಗೂ ಗೊತ್ತದರಿ" ಎಂದ. ಹಣಮಂತರಾಯರು ಸಿಡಿದರು. "ಸಾಬರ ಜಾಗದಾಗ ಇಟ್ಟು ಬಂದ್ರ ಊರಾಗ ಯಾವ ಮುಖ ತೋರಿಸ್ತಿ? ನಿಮ್ಮಪ್ಪಗ ಏನ್ ಹೇಳ್ತಿ?"

ನಾನು ಖುರ್ಷಿದ ಸಾಹೇಬರ ಕಡೆ ತಿರುಗಿ, ನಮ್ಮವರನ್ನು ಕೂರಿಸಿ ಇಡುತ್ತೇವೆ, ಕುಣಿ ಆಳ ಬೇಕಾಗುತ್ತದೆ ಎಂದೆ. ಎಷ್ಟು ಆಳ ಎಂದಷ್ಟೇ ಕೇಳಿದರು.

ರವಿವಾರ ಬೆಳಿಗ್ಗೆ ಅವರ ಇಬ್ಬರು ಮಕ್ಕಳು ಮತ್ತು ಚಾಂದಪಾಶಾ ಅಗೆದರು. ಚಳಿಗೆ ನೆಲ ಗಟ್ಟಿಯಾಗಿತ್ತು. ಹೆಂಗಸರು ಅವ್ವನಿಗೆ ಸ್ನಾನ ಮಾಡಿಸಿ, ಅವಳ ಹಸಿರು ಇಳಕಲ್ ಸೀರೆ ಉಡಿಸಿದೆವು. ಹಣೆಗೆ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟು ಬೆರಳು ಮಡಿಚಿದೆ. ಹಣಮಂತರಾಯರು ಬರುವುದಿಲ್ಲ ಎಂದು ಬಸ್ಸಿನಲ್ಲೇ ಕುಳಿತಿದ್ದರು. ಕುಣಿಗೆ ಇಳಿಸುವ ಹೊತ್ತಿಗೆ ಬರಿಗಾಲಲ್ಲಿ ಬಂದು ನಿಂತು, ಕೊನೆಯವರೆಗೆ ಓಂ ನಮಃ ಶಿವಾಯ ಅನ್ನುತ್ತಲೇ ಇದ್ದರು. ಖುರ್ಷಿದ ಸಾಹೇಬರಿಗೆ ಕೂಡಿಸಿದ ಒಂಬತ್ತು ಸಾವಿರದಲ್ಲಿ ಉಳಿದದ್ದನ್ನು ಕೊಡಲು ಹೋದೆ. ಮುಟ್ಟಲಿಲ್ಲ. ಇನ್ನು ಮುಂದೆ ಅಲ್ಲಿ ಮೂಲಂಗಿ ಹಾಕುವುದಿಲ್ಲ ಎಂದರು.

ಮಂಗಳವಾರ ಗಡಿ ದಾಟಿದೆವು. ಗೋರಖಪುರದಲ್ಲಿ ಬಸ್ಸು ನಿಂತಾಗ ಯಾರೋ ನೀರು ತಾ ಎಂದರು. ಅಂಗಡಿಯವನು ನನ್ನ ಐನೂರರ ನೋಟನ್ನು ಸರಿಯಾಗಿ ನೋಡಲೂ ಇಲ್ಲ, ಗಲ್ಲಾಪೆಟ್ಟಿಗೆಗೆ ಎಸೆದು ಚಿಲ್ಲರೆ ಕೊಟ್ಟ. ಎರಡು ದಿನ ಇಡೀ ಊರು ಮುಟ್ಟದಿದ್ದ ನೋಟು! ಅವ್ವ ಹೋದಾಗಲೂ, ಮಣ್ಣು ಹಾಕುವಾಗಲೂ ನಾನು ಅತ್ತಿರಲಿಲ್ಲ ಅಕ್ಕಾ. ಆ ಅಂಗಡಿಯ ಮುಂದೆ ನೀರಿನ ಬಾಟಲಿ ಹಿಡಿದು ನೆಲಕ್ಕೆ ಕುಳಿತುಬಿಟ್ಟೆ. ಚಾಂದಪಾಶಾ ಬಂದು ಎಬ್ಬಿಸಿ ಬಸ್ಸಿಗೆ ಹತ್ತಿಸಿದ. ಗಡಿಯಲ್ಲಿ ನಾನಾಡಿದ ಮಾತನ್ನು ಅವನು ಅಂದೂ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ.

ನಿನ್ನ ರೊಕ್ಕ ಹಾಗೆಯೇ ಬ್ಯಾಂಕಿನಲ್ಲಿ ಇಟ್ಟಿದ್ದೇನೆ. ನನ್ನನ್ನು ಬೈಯಬೇಕೆನಿಸಿದರೆ ಬೈ, ಆದರೆ ನಿನ್ನನ್ನು ನೀನು ಬೈದುಕೊಳ್ಳಬೇಡ. ರಜೆ ಸಿಕ್ಕಾಗ ಬಾ. ಅಪ್ಪ ನಿನ್ನನ್ನು ನೆನೆಯದ ದಿನವಿಲ್ಲ, ಅವನ ಆಶೀರ್ವಾದ ನಿನ್ನ ಮೇಲೆ ಸದಾ ಇದೆ.

ನಿನ್ನ ಮಡಿಲಲ್ಲಿ ಬೆಳೆದ ತಂಗಿ,
ಅನುರಾಧಾ

ತಾ.ಕ.: ಫರಹತ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ, ಮುಖ್ಯವಾದದ್ದನ್ನೇ ಬಿಟ್ಟಿದ್ದೇನೆ. ಅವ್ವ ಅಲ್ಲಿಯ ಒಂದು ಮಠದ ಜಾಗದಲ್ಲಿದ್ದಾಳೆ ಎಂದು ಅಪ್ಪನಿಗೆ ಸುಳ್ಳು ಹೇಳಿದ್ದೇನೆ. ಅವನು ಅದನ್ನೇ ಊರಿಗೆಲ್ಲ ಹೇಳಿಕೊಂಡು ಸಮಾಧಾನ ಪಡುತ್ತಿದ್ದಾನೆ. ಬರುವ ಶಿವರಾತ್ರಿಗೆ ತಾನೇ ಹೋಗಿ ಗದ್ದುಗೆ ಕಟ್ಟಿಸುತ್ತೇನೆಂದು ನಿನ್ನೆ ಚಾಂದಪಾಶಾನಿಗೆ ಮುಂಗಡ ಕೊಡಲು ಹೋಗಿದ್ದ. ಆ ಪಾಪದವನು ತೆಗೆದುಕೊಳ್ಳದೆ ನನ್ನ ಮುಖ ನೋಡಿದ. ನನ್ನ ಬಾಯಿಂದ ಆಗುವುದಿಲ್ಲ ಅಕ್ಕಾ. ನೀನು ಹಿರಿಯಳು, ನಿನ್ನ ಮಾತು ಅಪ್ಪ ಕೇಳುತ್ತಾನೆ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಮಾಡಿ ನಿಜ ಹೇಳಿಬಿಡು. ಅವನ ಬಲಗಿವಿ ಕೇಳಿಸದು, ಜೋರಾಗಿ ಮಾತಾಡು. ಆ ಹೊತ್ತಿಗೆ ನಾನು ಹೊಲದಲ್ಲಿರುತ್ತೇನೆ. ಅವನು ಏನೇ ಅಂದಿರಲಿ, ಸಂಜೆಗೆ ಬಂದು ರೊಟ್ಟಿ ಬಡಿದು ಅವನ ಮುಂದೆ ಇಡುತ್ತೇನೆ.