ಒಣದಿನದ ಕಾವಲು

ಕನ್ನಡಿಹೊಲ,
೨೩೧೭, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ

ಬಹಳ ಹಿಂದಿನ ಹಿರಿಯರಿಗೆ,

ನನ್ನ ಅಕ್ಷರ ಸೊಟ್ಟಗಿದೆ, ಒತ್ತಕ್ಷರಗಳೂ ತಪ್ಪಿರಬಹುದು, ಕ್ಷಮಿಸಿ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದೇನೆ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ.

ನಮ್ಮ ಹೊಲದಲ್ಲಿ ಬೆಳೆ ಇಲ್ಲ. ಗುಡ್ಡದ ಬುಡದವರೆಗೂ ಬಿಸಿಲು ಹಿಡಿಯುವ ಹಲಗೆಗಳಿವೆ. ನಾವು ಹೆಂಗಸರು ನಸುಕಿನಲ್ಲಿ ಏಣಿ ಹತ್ತಿ ಅವುಗಳ ಧೂಳು ಒರೆಸುತ್ತೇವೆ, ಬಿಸಿಲೇರುವ ಮೊದಲು ನೆಲದಡಿಯ ಮನೆಗಳಿಗೆ ಇಳಿಯುತ್ತೇವೆ. ತಿಂಗಳಿಗೊಮ್ಮೆ ಅಳತೆ ಬರುತ್ತದೆ. ಅಳತೆಯ ಹಸೀನಾಬಾಯಿ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡುತ್ತಾಳೆ. ಆಮೇಲೆ ಚೀಲದ ಗಾಳಿಯನ್ನು ಎರಡು ನಿಮಿಷ ಉಸಿರಾಡಿಸಿ, ಮೈಯಲ್ಲಿ ಎಷ್ಟು ರಕ್ತವಿದೆ ಎಂದು ಲೆಕ್ಕ ಹಾಕುತ್ತಾಳೆ. ಒತ್ತಡ ಎರಡು ತಿಂಗಳು ಗೆರೆ ದಾಟಿದರೆ ನೆರಳುಮನೆಗೆ ಹೋಗಬೇಕು. ಅದು ದೂರದ ತಂಪು ನೆಲಮಾಳಿಗೆ. ಅಲ್ಲಿ ಆರು ತಿಂಗಳು ಮನೆಯವರ ಮುಖ ಕಾಣುವುದಿಲ್ಲ.

ನನ್ನನ್ನು ಸಾಕಿದವಳು ತಾಯಿಯ ಅಕ್ಕ, ದೊಡ್ಡವ್ವ ತಿಪ್ಪವ್ವ. ಎರಡು ತಿಂಗಳ ಹಿಂದಿನ ಅಳತೆಯಲ್ಲಿ ಅವಳ ಒತ್ತಡ ಗೆರೆಗಿಂತ ಕೂದಲೆಳೆಯಷ್ಟು ಮೇಲಿತ್ತು. ಇಂಥವರಿಗೆಂದೇ ನಮ್ಮಲ್ಲಿ ಒಣದಿನವಿದೆ. ಒತ್ತಡ ಹೆಚ್ಚಿದರೆ ಮೈಯಲ್ಲಿ ರಕ್ತ ತುಂಬಿ ತುಳುಕುತ್ತಿದೆ ಎಂದೇ ನಮ್ಮವರ ನಂಬಿಕೆ. ಅದಕ್ಕೆ ಅಳತೆಯ ಹಿಂದಿನ ದಿನ ನೀರು, ಉಪ್ಪು ಎರಡನ್ನೂ ಬಿಡುತ್ತಾರೆ. ಮನೆಯವರೊಬ್ಬರು ಕಾವಲು ಕೂರಬೇಕು. ಬೇಡಿದರೂ ನೀರು ಕೊಡಬಾರದು. ಹೋದ ತಿಂಗಳ ಅಳತೆಯ ಮುನ್ನಾದಿನ ದೊಡ್ಡವ್ವನಿಗೆ ನಾನು ಕಾವಲು ಕೂತೆ.

ಮಧ್ಯಾಹ್ನ ಅವಳು ಕೇಳಿದಳು: "ಒಂದು ಗುಟುಕು ಕೊಡ ಯವ್ವಾ. ಒಂದು ಗುಟುಕು ಅವರಿಗೆಲ್ಲಿ ಕಾಣ್ತೈತಿ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ನಕ್ಕಳು. "ಚಲೋ ಕಾವಲಗಾತಿ ಸಿಕ್ಕಿ ನನಗ. ಜೈಲಿನಾಗ ನೌಕರಿ ಕೊಡಸ್ತೀನಿ ತಡಿ."

ಸಂಜೆಯ ಹೊತ್ತಿಗೆ ಕೇಳುವುದನ್ನೂ ಬಿಟ್ಟಳು. ನಾನು ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡೆ.

ಮರುದಿನ ಏಣಿಯ ಏಳನೆಯ ಮೆಟ್ಟಿಲಿನಲ್ಲಿ ಅವಳಿಗೆ ಕಣ್ಣು ಕತ್ತಲಿಟ್ಟಿತು. ಬಿದ್ದು ಸೊಂಟದ ಎಲುಬು ಮುರಿಯಿತು. ಅವಳಿಗೆ ಎಚ್ಚರವಾದ ಮೇಲೆ ಹಸೀನಾಬಾಯಿ ಅಲ್ಲೇ ನೆಲದ ಮೇಲೆ ಅಳತೆ ಮಾಡಿದಳು. ಒತ್ತಡ ಗೆರೆಗಿಂತ ಎಷ್ಟೋ ಕೆಳಗಿತ್ತು, ನಾವು ಬಯಸಿದ ಹಾಗೆಯೇ.

"ತುಂಬಿದ ಕೊಡ ಅಂತ ತಿಳದೀರಿ ನೀವು ಮೈಯನ್ನ," ಎಂದು ಹಸೀನಾಬಾಯಿ ನನ್ನತ್ತ ನೋಡಿದಳು. "ಹೋದ ಸಲಾನ ಈಕಿಗೆ ರಕ್ತ ಸ್ವಲ್ಪ ಕಡಿಮಿ ಇತ್ತು. ರಕ್ತದ ನಾಳ ಬಿಗದಾವ, ಅದಕ್ಕ ಒತ್ತಡ. ಇದ್ದದ್ದನ್ನೂ ಒಣಗಿಸಿಬಿಟ್ರಿ."

ಆ ಕಡಿಮೆಯ ಅಂಕಿ ಅವಳು ಹೋದ ಸಲ ಕೊಟ್ಟ ಅಳತೆಯ ಚೀಟಿಯಲ್ಲಿ ಬರೆದೇ ಇತ್ತು. ನಾವು ಒತ್ತಡದ ಅಂಕಿಯನ್ನಷ್ಟೇ ನೋಡಿದ್ದೆವು.

ದೊಡ್ಡವ್ವ ಇನ್ನೂ ಮಲಗಿದ್ದಾಳೆ. ಮತ್ತೆ ನಡೆಯುತ್ತಾಳೋ ಇಲ್ಲವೋ, ಯಾರೂ ಹೇಳುತ್ತಿಲ್ಲ. ಅವಳು ನನ್ನ ಮೇಲೆ ಸಿಟ್ಟು ಮಾಡಿಕೊಂಡಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ.

ಈ ಒಣದಿನವನ್ನು ಯಾವ ಕಾಲದವರು ಶುರು ಮಾಡಿದರೋ ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಲದವರಾಗಿದ್ದರೆ ದಯವಿಟ್ಟು ಶುರು ಮಾಡಬೇಡಿ. ನಿಮ್ಮಲ್ಲಿ ಯಾರಿಗಾದರೂ ಒತ್ತಡ ತುಸು ಹೆಚ್ಚಿದ್ದರೆ ಬಲ್ಲವರನ್ನು ಕೇಳಿ. ಅಂಕಿ ಇಳಿಸಲು ಮೈಯನ್ನು ಬತ್ತಿಸಬೇಡಿ.

ನಾಳೆ ಮತ್ತೆ ಅಳತೆ. ಪಕ್ಕದ ಓಣಿಯ ಶಿವಲೀಲಾ ಕಾಕು ಇಂದು ಒಣದಿನ ಹಿಡಿದಿದ್ದಾಳೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಬಾಗಿಲ ಮುಂದೆ ಒಂದೂ ನೆನಪಾಗಲಿಲ್ಲ. ಇಂದು ಬೆಳಿಗ್ಗೆ ಮಾಡಿದ್ದು ಇಷ್ಟೇ: ಒಂದು ತಂಬಿಗೆ ನೀರನ್ನು ಅವಳ ಹೊಸ್ತಿಲ ಮೇಲಿಟ್ಟು, ಬಾಗಿಲು ತಟ್ಟಿ, ಅದು ತೆರೆಯುವವರೆಗೆ ಓಡದೆ ನಿಂತೆ.